ಮಾವನ ಚೇತಕ್: ಪೆಟ್ರೋಲ್ ಫಿಲ್ಟರ್ ಹುಡುಕಾಟ

ಮಾವನ ಹಳೇ ಬಜಾಜ್ ಚೇತಕ್ ಸ್ಕೂಟರ್ ರಿಪೇರಿ ಮಾಡ್ತಿದ್ದೀನಿ, ಗಾಡಿ ಸ್ಟಾರ್ಟ್ ಆಯ್ತು ಅಂತ ಹೋದ್ಸಲ ಖುಷೀಲಿ ಬರ್ದಿದ್ದೆ. ಸ್ಟಾರ್ಟ್ ಏನೋ ಆಗುತ್ತೆ, ಎರಡೇ ಕಿಕ್ಕಿಗೆ. ಮನೆಯಿಂದ ಮೇನ್ ರೋಡ್‌ವರೆಗೂ ರಾಜನ ಥರ ಹೋಗುತ್ತೆ, ಆಮೇಲೆ ಫ್ಲೈಓವರ್ ಏರು ಬಂದ ತಕ್ಷಣ ಯಾರೋ ಪೆಟ್ರೋಲ್ ಆಫ್ ಮಾಡ್ದಂಗೆ ಉಸಿರು ಕಳ್ಕೊಂಡು ನಿಂತ್ಬಿಡುತ್ತೆ. ಐದು ನಿಮಿಷ ಸುಮ್ನೆ ನಿಂತ್ಕೊಂಡು ಮತ್ತೆ ಕಿಕ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಹೊರಡುತ್ತೆ. ಪ್ಲಗ್ ತೆಗೆದು ನೋಡ್ದೆ, ಕಿಡಿ ಚೆನ್ನಾಗೇ ಬರ್ತಿದೆ. ಅಂದ್ರೆ ಕರೆಂಟಿನ ಸಮಸ್ಯೆ ಅಲ್ಲ, ಎಂಜಿನ್‌ಗೆ ಊಟ ಸಾಕಾಗ್ತಿಲ್ಲ.

ಚೇತಕ್‌ನಲ್ಲಿ ಪೆಟ್ರೋಲ್ ಪಂಪ್ ಅಂತ ಏನೂ ಇಲ್ಲ. ಸೀಟ್ ಕೆಳಗೆ ಟ್ಯಾಂಕ್, ಅದಕ್ಕಿಂತ ಸ್ವಲ್ಪ ಕೆಳಗೆ ಬಲಗಡೆ ಎಂಜಿನ್ ಮೇಲೆ ಕಾರ್ಬೋರೇಟರ್ (ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ), ಪೆಟ್ರೋಲ್ ತಾನಾಗೇ ಇಳ್ಕೊಂಡು ಬರ್ಬೇಕು ಅಷ್ಟೆ. ಎರಡರ ನಡುವೆ ಎತ್ತರದ ವ್ಯತ್ಯಾಸ ಜಾಸ್ತಿ ಇಲ್ಲದೇ ಇರೋದ್ರಿಂದ ದಾರೀಲಿ ಎಲ್ಲಿ ಸ್ವಲ್ಪ ಅಡ್ಡ ಬಂದ್ರೂ ಫುಲ್ ಆಕ್ಸಿಲರೇಟರ್ ಕೊಟ್ಟಾಗ ಕಾರ್ಬೋರೇಟರ್ ಖಾಲಿ ಆಗೋದು ಬೇಗ, ತುಂಬೋದು ನಿಧಾನ. ಹಳೇ ಕಾಲದಲ್ಲಿ ಎಲ್ಲರ ಮನೆ ಮುಂದೇನೂ ಬೆಳಗ್ಗೆ ಬೆಳಗ್ಗೆ ಸ್ಕೂಟರ್‌ನ ಒಂದು ಕಡೆಗೆ ಬಗ್ಗಿಸಿ ಆಮೇಲೆ ಕಿಕ್ ಹೊಡೀತಿದ್ದದ್ದು ಸುಮ್ನೆ ಅಲ್ಲ, ಪೆಟ್ರೋಲ್ ಒಂಚೂರು ಮುಂದಕ್ಕೆ ಹೋಗ್ಲಿ ಅಂತ.

ಫಿಲ್ಟರ್ ಹುಡುಕೋಕೆ ಮುಂಚೆ ಒಂದು ಸಣ್ಣ ಟೆಸ್ಟ್ ಇದೆ, ಹಿಂಗೆ ಪಂಪ್ ಇಲ್ಲದೆ ಪೆಟ್ರೋಲ್ ತಾನಾಗೇ ಇಳಿಯೋ ಯಾವ ಗಾಡಿಗಾದ್ರೂ ಸರಿ, ಮಾಡ್ಲೇಬೇಕು. ಪೈಪನ್ನ ಕಾರ್ಬೋರೇಟರ್ ಕಡೆಯಿಂದ ಬಿಚ್ಚಿ ಒಂದು ಬಾಟಲಿಗೆ ಬಿಟ್ಟು ಕಾಕ್ (ಟ್ಯಾಂಕ್ ಬುಡದಲ್ಲಿರೋ ಪೆಟ್ರೋಲ್ ನಲ್ಲಿ) ಆನ್ ಮಾಡಿ ನೋಡೋದು. ನಮ್ದು ಮೊದಲು ಜೋರಾಗಿ ಸುರೀತು, ಆಮೇಲೆ ಸಣ್ಣ ದಾರದಷ್ಟಾಯ್ತು, ಆಮೇಲೆ ತೊಟ್ಟು ತೊಟ್ಟು. ಈ ಹಂತದಲ್ಲಿ ಟ್ಯಾಂಕ್ ಮುಚ್ಚಳ ತೆಗೀಬೇಕು. ಮುಚ್ಚಳ ತೆಗೆದ ಕೂಡ್ಲೆ ಮತ್ತೆ ಸುರಿಯೋಕೆ ಶುರು ಆದ್ರೆ ಫಿಲ್ಟರ್ ತಪ್ಪೇ ಇಲ್ಲ, ಮುಚ್ಚಳದಲ್ಲಿರೋ ಗಾಳಿ ತೂತು ಕಟ್ಕೊಂಡಿದೆ ಅಂತ ಅರ್ಥ, ಪಿನ್ ಹಾಕಿ ಕ್ಲೀನ್ ಮಾಡಿದ್ರೆ ಕಥೆ ಮುಗೀತು. ನಮ್ದರಲ್ಲಿ ಮುಚ್ಚಳ ತೆಗೆದ್ರೂ ತೊಟ್ಟೇ. ರಿಸರ್ವ್‌ಗೆ ಹಾಕಿದ್ರೆ ಇನ್ನೂ ಕಡಿಮೆ.

ಈಗ ಫಿಲ್ಟರ್ ಎಲ್ಲಿದೆ ಅನ್ನೋ ಪ್ರಶ್ನೆ. ಪಕ್ಕದ ಮನೆ ಹುಡುಗ ಅವನ ಬೈಕಲ್ಲಿರೋ ಥರ ಪೈಪ್ ಮಧ್ಯೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇರುತ್ತೆ ಅಂಕಲ್ ಅಂದ. ಇದ್ರಲ್ಲಿ ಅದಿಲ್ಲ. ಎರಡು ಜಾಗದಲ್ಲಿ ಜಾಲರಿ ಇದೆ, ಎರಡೂ ಹೊರಗಿಂದ ಕಾಣಲ್ಲ. ಒಂದು ಕಾರ್ಬೋರೇಟರ್ ತಲೆ ಮೇಲೆ, ಪೈಪ್ ಬಂದು ಸೇರೋ ಜಾಗದ ಬೋಲ್ಟ್ ಬಿಚ್ಚಿದ್ರೆ ಕೆಳಗೆ ಬೆರಳ ತುದಿಯಷ್ಟು ಸಣ್ಣ ಜಾಲರಿ. ಇನ್ನೊಂದು ಟ್ಯಾಂಕ್ ಒಳಗೇ, ಕಾಕ್‌ನಿಂದ ಮೇಲಕ್ಕೆ ನಿಂತಿರೋ ಪೈಪಿಗೆ ಸುತ್ಕೊಂಡಿರುತ್ತೆ. ಆ ಪೈಪ್ ಎತ್ತರ ಇರೋದ್ರಿಂದಲೇ ರಿಸರ್ವ್ ಅನ್ನೋದು ಕೆಲ್ಸ ಮಾಡೋದು: ಆನ್‌ನಲ್ಲಿ ಮೇಲಿನ ತುದಿಯಿಂದ ಪೆಟ್ರೋಲ್ ತಗೊಳ್ಳುತ್ತೆ, ಮಟ್ಟ ಅದಕ್ಕಿಂತ ಕೆಳಗೆ ಹೋದ್ರೆ ಗಾಡಿ ಆಫ್, ರಿಸರ್ವ್‌ನಲ್ಲಿ ಬುಡದ ತೂತಿಂದ ತಗೊಳ್ಳುತ್ತೆ. ಕಸ ಕೂರೋದೂ ಬುಡದಲ್ಲೇ, ಅದಕ್ಕೇ ರಿಸರ್ವ್‌ನಲ್ಲಿ ಹರಿವು ಇನ್ನೂ ಕಡಿಮೆ ಇದ್ದದ್ದು.

ಕಾರ್ಬೋರೇಟರ್ ಜಾಲರಿ ತೆಗೆದ್ರೆ ಕಾಫಿ ಪುಡಿ ಬಣ್ಣದ ನುಣುಪು ಧೂಳು. ತುಕ್ಕು. ತೊಳೆದು ಹಾಕಿ ಒಂದು ರೌಂಡ್ ಹೋಗಿ ಬಂದು ಮತ್ತೆ ಬಿಚ್ಚಿದೆ, ಮತ್ತೆ ಅದೇ ಧೂಳು. ಸರಿ, ಟ್ಯಾಂಕ್ ಇಳಿಸದೇ ದಾರಿ ಇಲ್ಲ.

ಟ್ಯಾಂಕ್ ಇಳಿಸೋದು ಕಷ್ಟ ಅಲ್ಲ, ಕಿರಿಕಿರಿ. ಪೆಟ್ರೋಲ್ ಪೂರ್ತಿ ಕ್ಯಾನ್‌ಗೆ ಇಳಿಸಿ, ಸೀಟ್ ತೆಗೆದು, ಕಾಕ್ ತಿರುಗಿಸೋ ಸರಳಿನ ಪಿನ್ ಎಳೆದು, ಟ್ಯಾಂಕ್ ಬೋಲ್ಟ್ ಬಿಚ್ಚಿ, ಪೈಪ್ ಎಲ್ಲೂ ಸಿಕ್ಕಾಕೊಳ್ದಂಗೆ ನಿಧಾನಕ್ಕೆ ಮೇಲಕ್ಕೆ ಎತ್ತಬೇಕು. ಎಲ್ಲಾ ಹೊರಗೆ ಗಾಳಿ ಬೆಳಕಿರೋ ಜಾಗದಲ್ಲಿ ಮಾಡಿ ದಯವಿಟ್ಟು, ಖಾಲಿ ಟ್ಯಾಂಕ್ ಅಂದ್ರೆ ಸೇಫ್ ಅಂತ ತುಂಬಾ ಜನ ಅನ್ಕೊಂಡಿರ್ತಾರೆ, ಒಳಗೆ ತುಂಬಿರೋ ಆವಿ ಪೆಟ್ರೋಲ್‌ಗಿಂತ ಬೇಗ ಹೊತ್ಕೊಳ್ಳುತ್ತೆ. ಅತ್ತೆ ತುಳಸಿ ಕಟ್ಟೆಗೆ ದೀಪ ಇಡೋಕೆ ಬಂದವ್ರು ನನ್ನ ಮುಖ ನೋಡಿ ವಾಪಸ್ ಹೋದ್ರು.

ಕಾಕ್ ಹಿಡಿದಿರೋ ನಟ್ ಮಾತ್ರ ಟ್ಯಾಂಕ್ ಒಳಗಿದೆ, ಪೆಟ್ರೋಲ್ ಹಾಕೋ ಬಾಯಿಂದ ಉದ್ದದ ಟಿ ಸ್ಪ್ಯಾನರ್ ಇಳಿಸಿ ಬಿಚ್ಚಬೇಕು. ಮಾಮೂಲಿ ಸಾಕೆಟ್ ಆಗಲ್ಲ, ಮಧ್ಯದಲ್ಲಿ ಆ ನಿಂತಿರೋ ಪೈಪಿಗೆ ಜಾಗ ಬೇಕಲ್ಲ. ಅದಕ್ಕೋಸ್ಕರ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿರೋ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವ್ರು ಸ್ಪ್ಯಾನರ್ ಮಾರಲ್ಲ ಸಾರ್, ಟ್ಯಾಂಕ್ ತಗೊಂಡ್ ಬನ್ನಿ ಬಿಚ್ಕೊಡ್ತೀನಿ ಅಂದ್ರು, ಆಮೇಲೆ ಸ್ವಲ್ಪ ಹೊತ್ತು ಚೇತಕ್ ಬಗ್ಗೆ ಹರಟೆ ಹೊಡೆದ ಮೇಲೆ ಒಳಗಿಂದ ಹಳೇದೊಂದು ತಂದು ಕೊಟ್ರು, ವಾಪಸ್ ಕೊಡ್ಬೇಕು ಅನ್ನೋ ಷರತ್ತಿನ ಮೇಲೆ. ಜಾಲರಿ ಸಮೇತ ಹೊಸ ಕಾಕ್, ವಾಷರ್, ಪೆಟ್ರೋಲ್ ಪೈಪ್, ಕ್ಲಿಪ್ಪು, ಎಲ್ಲಾ ಅಲ್ಲೇ ಸಿಕ್ತು.

ಹಳೇ ಕಾಕ್ ಹೊರಗೆ ಬಂದಾಗ ಜಾಲರಿ ಕೆಳಗಿನ ಅರ್ಧ ಪೂರ್ತಿ ಮುಚ್ಚೋಗಿತ್ತು, ಮೇಲಿನ ಅರ್ಧ ಹರಿದಿತ್ತು. ಹಂಗಾಗಿ ಕಸ ಕಾರ್ಬೋರೇಟರ್‌ವರೆಗೂ ಹೋಗ್ತಿತ್ತು. ಹೊಸದು ಹಾಕಿ ಮುಗಿಸಬಹುದಿತ್ತು, ಆದ್ರೆ ಟ್ಯಾಂಕ್ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ತಳ ಪೂರ್ತಿ ಕೆಂಪು. ಹಿಂಗಿರೋ ಟ್ಯಾಂಕ್‌ಗೆ ಎಷ್ಟು ಫಿಲ್ಟರ್ ಬದಲಾಯಿಸಿದ್ರೂ ವೇಸ್ಟ್, ತಿಂಗಳೊಳಗೆ ಅದೂ ಮುಚ್ಚೋಗುತ್ತೆ.

ತುಕ್ಕಿಗೆ ನಾನು ಬಳಸಿದ್ದು ಅಂಗಡೀಲಿ ಸಿಗೋ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್. ಕಾಕ್ ತೂತನ್ನ ರಬ್ಬರ್ ಬಿರಡೆಯಿಂದ ಮುಚ್ಚಿ, ಟ್ಯಾಂಕ್‌ನ ಮೊದಲು ಸೋಪ್ ನೀರಲ್ಲಿ ಚೆನ್ನಾಗಿ ತೊಳೆದು ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೆ, ಬಿಸಿ ನೀರಲ್ಲಿ ನಿಂಬೆ ಉಪ್ಪು ಕರಗಿಸಿ ತುಂಬಿ ರಾತ್ರಿ ಬಿಟ್ಟೆ. ಬೆಳಗ್ಗೆ ಒಂದು ಹಿಡಿ ನಟ್ಟು ಹಾಕಿ ಕುಲುಕಿ, ಸುರಿದು, ಅಡುಗೆ ಸೋಡಾ ನೀರಲ್ಲಿ ಒಂದ್ಸಲ, ಬರೀ ನೀರಲ್ಲಿ ಎರಡ್ಸಲ. ಹಾಕಿದ ನಟ್ಟು ಎಣಿಸಿಕೊಂಡು ಹಾಕಿ, ಎಣಿಸಿಕೊಂಡು ತೆಗೀರಿ. ಇಲ್ಲಿ ಕಾಯೋಕೆ ಟೈಮ್ ಇಲ್ಲ, ತೊಳೆದ ಬರೀ ಕಬ್ಬಿಣ ನೋಡ್ತಾ ನೋಡ್ತಾ ಮತ್ತೆ ತುಕ್ಕು ಹಿಡಿಯೋಕೆ ಶುರು ಆಗುತ್ತೆ, ತಕ್ಷಣ ಬಿಸಿಲಲ್ಲಿ ಒಣಗಿಸಿ ಸ್ವಲ್ಪ ಟೂ-ಟಿ ಆಯಿಲ್ (ಈ ಟೂ-ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆ ಬೆರೆಸೋ ಆಯಿಲ್) ಹಾಕಿ ಒಳಗೆಲ್ಲಾ ಮೆತ್ತಿಕೊಳ್ಳೋ ಹಾಗೆ ಆಡಿಸಬೇಕು.

ಈಗಿನ ಪೆಟ್ರೋಲ್ ವಿಷಯ ಬೇರೆ. ಬಂಕಲ್ಲಿ ಬರ್ತಿರೋದು ಇ20, ಅಂದ್ರೆ ನೂರಕ್ಕೆ 20 ಭಾಗದವರೆಗೆ ಎಥನಾಲ್. ಎಥನಾಲ್ ಗಾಳಿಯಲ್ಲಿರೋ ತೇವ ಹೀರುತ್ತೆ, ನೀರು ಜಾಸ್ತಿ ಆದ್ರೆ ಎರಡೂ ಸೇರಿ ಬೇರ್ಪಟ್ಟು ತಳಕ್ಕೆ ಕೂರುತ್ತೆ, ತಳ ಅಂದ್ರೆ ರಿಸರ್ವ್ ತೂತು ಇರೋ ಜಾಗ. ದಿನಾ ಓಡೋ ಗಾಡೀಲಿ ಪೆಟ್ರೋಲ್ ಬೇಗ ಬೇಗ ಖಾಲಿಯಾಗಿ ಹೊಸದು ಬರ್ತಿರುತ್ತೆ, ತಿಂಗಳುಗಟ್ಟಲೆ ನಿಲ್ಲಿಸೋ ಹಳೇ ಸ್ಕೂಟರ್‌ಗೆ ಇದೇ ತಲೆನೋವು. ಹಳೇ ರಬ್ಬರ್ ಪೈಪ್‌ಗೂ ಎಥನಾಲ್ ಆಗಿಬರಲ್ಲ, ನಮ್ದು ಒಳಗಡೆ ಮೆತ್ತಗಾಗಿ ಜಿಗುಟಾಗಿತ್ತು, ಅದಕ್ಕೇ ಎಥನಾಲ್ ತಡೆಯೋ ಪೈಪನ್ನೇ ಕೇಳಿ ತಂದೆ.

ಪೈಪ್ ಉದ್ದದ ಬಗ್ಗೆ ಒಂದು ಮಾತು. ಉದ್ದ ಜಾಸ್ತಿ ಬಿಟ್ರೆ ಟ್ಯಾಂಕ್ ಕೂತಾಗ ಪೈಪ್ ಕೆಳಗೆ ಬಾಗಿ ಮೇಲೆ ಏರುತ್ತೆ, ಅಲ್ಲಿ ಗಾಳಿ ಸಿಕ್ಕಾಕೊಂಡು ಹರಿವು ನಿಲ್ಲುತ್ತೆ. ಗಿಡ್ಡ ಕತ್ತರಿಸಿದ್ರೆ ಮುಂದಿನ ಸಲ ಟ್ಯಾಂಕ್ ಎತ್ತೋಕೇ ಆಗಲ್ಲ. ಟ್ಯಾಂಕ್‌ನಿಂದ ಕಾರ್ಬೋರೇಟರ್‌ವರೆಗೂ ಬರೀ ಇಳಿಜಾರೇ ಇರ್ಬೇಕು. ಪ್ಲಾಸ್ಟಿಕ್ ಡಬ್ಬಿ ಫಿಲ್ಟರ್ ಒಂದನ್ನ ಮಧ್ಯೆ ಸೇರಿಸಿ ಅಂತ ಅಂಗಡೀಲೂ ಹೇಳಿದ್ರು, ನಾನು ಹಾಕ್ಲಿಲ್ಲ. ಇರೋ ಒತ್ತಡವೇ ಕಡಿಮೆ, ಅದರ ಮಧ್ಯೆ ಮೂರನೇ ಅಡ್ಡಗಟ್ಟೆ ಯಾಕೆ? ಟ್ಯಾಂಕ್ ಕ್ಲೀನ್ ಇದ್ರೆ ಎರಡು ಜಾಲರಿ ಸಾಕು.

ಕಾರ್ಬೋರೇಟರ್ ಜೆಟ್‌ಗಳನ್ನ (ಪೆಟ್ರೋಲ್ ಅಳತೆಗೆ ತಕ್ಕಂತೆ ಬಿಡೋ ಸಣ್ಣ ತೂತಿನ ತುಂಡುಗಳು) ಗಾಳಿ ಹೊಡೆದು ಕ್ಲೀನ್ ಮಾಡ್ದೆ, ತಂತಿ ಚುಚ್ಚಬೇಡಿ, ತೂತು ದೊಡ್ಡದಾದ್ರೆ ಅಳತೆ ಕೆಡುತ್ತೆ. ಎಲ್ಲಾ ಸೇರಿಸಿ ಬಾಟಲಿ ಟೆಸ್ಟ್ ಮತ್ತೆ ಮಾಡ್ದೆ, ಆನ್‌ನಲ್ಲೂ ರಿಸರ್ವ್‌ನಲ್ಲೂ ಒಂದೇ ಸಮ ಸುರೀತಿದೆ. ಲೀಟರ್‌ಗೆ 20 ಎಂಎಲ್ ಲೆಕ್ಕದಲ್ಲಿ ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ಹಾಕಿ ಫ್ಲೈಓವರ್‌ನ ಮೂರನೇ ಗೇರಲ್ಲಿ ಹತ್ತಿಸಿದೆ, ನಿಲ್ಲಲಿಲ್ಲ. ಮಾವ ಹಿಂದೆ ಕೂತಿದ್ರು, ನಾಲ್ಕಕ್ಕೆ ಹಾಕೋ ಅಂತ ಬೈತಿದ್ರು.

ಕಾರ್ಬೋರೇಟರ್ ಜಾಲರಿಯನ್ನ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಬಿಚ್ಚಿ ನೋಡ್ಬೇಕು, ಟ್ಯಾಂಕಲ್ಲಿ ತುಕ್ಕು ಉಳಿದಿದ್ರೆ ಅಲ್ಲಿ ಗೊತ್ತಾಗುತ್ತೆ. ಅಷ್ಟರಲ್ಲಿ ಕ್ಲಚ್ ಕೇಬಲ್ ಬದಲಾಯಿಸೋ ಕೆಲ್ಸ ಇದೆ, ಟಿ ಸ್ಪ್ಯಾನರೂ ವಾಪಸ್ ಕೊಡ್ಬೇಕು.