‘ಎಸ್‌ಯು’ ತಡವಾದರೆ ಮೊದಲು ಸೆಕೆಂಡು ಎಣಿಸಿ

ಲಿನಕ್ಸ್ ಸರ್ವರ್‌ನಲ್ಲಿ ‘ಎಸ್‌ಯು’ ಆದೇಶ ಕೊಟ್ಟು ಬೇರೆ ಬಳಕೆದಾರನಾಗಲು ಒಂದು ಸೆಕೆಂಡೂ ಬೇಡ. ಇಪ್ಪತ್ತು ಸೆಕೆಂಡು ಹಿಡಿದರೆ ಯಂತ್ರ ಹಳತಾಯಿತೆಂದು ದೂರಬೇಡಿ; ಬಹುಪಾಲು ಅದು ಯಾರದೋ ಉತ್ತರಕ್ಕೆ ಕಾದು ಕೂತಿರುತ್ತದೆ.

ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ‘ಟೈಮ್ ಎಸ್‌ಯು ಲೆಕ್ಕ -ಸಿ ಟ್ರೂ’ ಕೊಡಿ; ‘ಲೆಕ್ಕ’ ಎಂಬುದು ಬಳಕೆದಾರನ ಹೆಸರು, ನಿಮ್ಮಲ್ಲಿರುವುದನ್ನು ಹಾಕಿ. ಆಮೇಲೆ ‘ಎಸ್‌ಯು’ ಮತ್ತು ಹೆಸರಿನ ನಡುವೆ ಒಂದು ಅಡ್ಡಗೆರೆ ಸೇರಿಸಿ (‘ಎಸ್‌ಯು - ಲೆಕ್ಕ’) ಮತ್ತೆ ಕೊಡಿ. ಎರಡನೆಯದು ಮಾತ್ರ ನಿಧಾನವಾದರೆ ತಪ್ಪು ಹೆಚ್ಚಾಗಿ ಆ ಬಳಕೆದಾರನ ಬ್ಯಾಶ್ ಪ್ರೊಫೈಲಿನಲ್ಲಿರುತ್ತದೆ (ಲಾಗಿನ್ ಆದಾಗ ಓಡುವ ಕಡತ), ಇಲ್ಲವೇ ಎನ್‌ಎಫ್‌ಎಸ್ ಮೂಲಕ ಬೇರೆ ಯಂತ್ರದ ಮೇಲಿರುವ ಹೋಮ್ ಫೋಲ್ಡರಿನಲ್ಲಿ.

ಸರಿಯಾಗಿ 25 ಸೆಕೆಂಡು ಬಂತೇ? ಅದು ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ವ್ಯವಸ್ಥೆ) ಕಾಯುವ ಅವಧಿ. ಡಿ-ಬಸ್ ಮರುಚಾಲನೆಯಾದಾಗ ಲಾಗಿನ್‌ಗಳ ಲೆಕ್ಕವಿಡುವ ಲಾಗಿನ್‌ಡಿಯ ಕೊಂಡಿ ತಪ್ಪಿಹೋಗುತ್ತದೆ. ಲಾಗಿನ್ ಅನುಮತಿ ನೋಡುವ ಪ್ಯಾಮ್ ಸುಮ್ಮನೆ ಲಾಗಿನ್‌ಡಿಯ ಉತ್ತರವನ್ನೇ ಕಾಯುತ್ತದೆ. ‘ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಸಿಸ್ಟಮ್‌ಡಿ-ಲಾಗಿನ್‌ಡಿ’ ಸಾಕು.

ನಮ್ಮ ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಸಣ್ಣ ಕಚೇರಿಗಳಲ್ಲಿ ಮೊದಲು ನೋಡಬೇಕಾದದ್ದು ಡಿಎನ್‌ಎಸ್, ಅಂದರೆ ಯಂತ್ರದ ಹೆಸರಿಗೆ ವಿಳಾಸ ಹುಡುಕುವ ವ್ಯವಸ್ಥೆ. ಆಟಿ ತಿಂಗಳ ಮಳೆಗೆ ಇಂಟರ್‌ನೆಟ್ ಲೈನ್ ಹೋದರೂ ರೂಟರ್ ಹೊತ್ತಿಕೊಂಡೇ ಇರುತ್ತದೆ. ಆಗ ‘ಸುಡೊ’ (ಒಂದು ಆದೇಶವನ್ನು ಬೇರೆ ಬಳಕೆದಾರನಾಗಿ ಓಡಿಸುವುದು) ತನ್ನದೇ ಯಂತ್ರದ ಹೆಸರನ್ನು ಹೊರಗೆ ಹುಡುಕಿದರೆ, ಎರಡು ನೇಮ್‌ಸರ್ವರ್, ತಲಾ ಎರಡು ಪ್ರಯತ್ನ, ಪ್ರತಿ ಸಲ 5 ಸೆಕೆಂಡು: ಒಟ್ಟು 20. ‘/ಇಟಿಸಿ/ಹೋಸ್ಟ್ಸ್’ ಕಡತದಲ್ಲಿ 127.0.1.1ರ ಎದುರು ಯಂತ್ರದ ಹೆಸರು ಬರೆಯಿರಿ. ಹೆಸರು ‘ಹೋಸ್ಟ್‌ನೇಮ್’ ತೋರಿಸುವುದಕ್ಕೆ ಅಕ್ಷರಶಃ ಹೊಂದಬೇಕು, ಎಡವುವುದು ಇಲ್ಲೇ.

ಎಲ್‌ಡ್ಯಾಪ್ (ಬಳಕೆದಾರರ ಪಟ್ಟಿ ಬೇರೆ ಸರ್ವರ್‌ನಲ್ಲಿರುವ ವ್ಯವಸ್ಥೆ) ಇದ್ದರೆ ‘ಟೈಮ್ ಐಡಿ ಲೆಕ್ಕ’ ನೋಡಿ. ಅದೂ ಎಳೆದರೆ ಹೆಚ್ಚಾಗಿ ದೊಡ್ಡ ಗುಂಪುಗಳ ಸದಸ್ಯರ ಪಟ್ಟಿ ತರುವುದೇ ಭಾರ; ಆ ಪಟ್ಟಿ ತರುವ ಎಸ್‌ಎಸ್‌ಎಸ್‌ಡಿಯ ಕಡತದಲ್ಲಿ ‘ಇಗ್ನೋರ್_ಗ್ರೂಪ್_ಮೆಂಬರ್ಸ್ = ಟ್ರೂ’ ಹಾಕಿ.

ಇಷ್ಟಕ್ಕೂ ಬಗೆಹರಿಯದಿದ್ದರೆ ರೂಟ್ ಆಗಿಯೇ ‘ಎಸ್‌ಯು’ ಆದೇಶದ ಮೊದಲಿಗೆ ‘ಎಸ್‌ಟ್ರೇಸ್ -ಎಫ್ -ಆರ್’ ಹಚ್ಚಿ; ಅದು ಪ್ರೋಗ್ರಾಂ ಇಡುವ ಒಂದೊಂದು ಹೆಜ್ಜೆಯನ್ನೂ ಸಮಯದೊಂದಿಗೆ ಸಾಲುಸಾಲಾಗಿ ತೋರಿಸುತ್ತದೆ. ಸಮಯ ದಿಢೀರನೆ ಜಿಗಿದ ಸಾಲಿನ ಹಿಂದಿನ ಸಾಲನ್ನು ಓದಿ: ಯಾವ ಸಾಕೆಟ್, ಯಾವ ಕಡತ ಎಂದು ಅಲ್ಲೇ ಇರುತ್ತದೆ.