ಉಪ್ಪುಗಾಳಿಯ ಸೀಮೆಯಲ್ಲಿ ಹಳೇ ಜೀಪು ಕೊಳ್ಳುವ ಮುನ್ನ

ಶಿರಸಿ, 9 ನವೆಂಬರ್ 2024, ಶನಿವಾರ

ಮಳೆ ಹಿಂದೆಗೆದು ಅಡಿಕೆ ಕೊಯ್ಲು ಹತ್ತಿರವಾಗುವ ಈ ಹೊತ್ತಿಗೆ ಹಳೇ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಗಾಡಿಗಳ ವ್ಯಾಪಾರ ಬಿರುಸು. ತೋಟಕ್ಕೆ ಗೊಬ್ಬರ ಹೊರುವವರು ಹುಡುಕುವುದೂ ಮಾರುತಿಯ ಜಿಪ್ಸಿ, ಮಹೀಂದ್ರದ ಹಳೇ ಥಾರ್, ಎಂಎಂ 540 ಜೀಪು. ಗುಡ್ಡ ಹತ್ತುವ ಹುಚ್ಚಿನವರು ಹುಡುಕುವುದೂ ಅವನ್ನೇ. ಮಾರುವವರ ಬಾಯಲ್ಲಿ ಮೊದಲು ಬರುವುದು ಕಿಲೋಮೀಟರ್ ಲೆಕ್ಕ. ಈ ಜಾತಿಯ ಗಾಡಿಗಳ ಮಟ್ಟಿಗೆ ಅದಕ್ಕೆ ಕೊನೆಯ ಸ್ಥಾನ.

ಮೀಟರ್ ಎಣಿಸುವುದು ಚಕ್ರ ಉರುಳಿದ ದೂರವನ್ನು, ಎಂಜಿನ್ ದುಡಿದದ್ದನ್ನಲ್ಲ. ಲೋ ಗೇರಿನಲ್ಲಿ (ಫೋರ್ ವೀಲ್ ಲಿವರಿನ ಲೋ ಸ್ಥಾನದಲ್ಲಿ) ಏರು ಹತ್ತುವಾಗ ಅಷ್ಟೇ ದೂರಕ್ಕೆ ಎಂಜಿನ್ ಒಂದೂವರೆಯಿಂದ ಎರಡೂವರೆ ಪಟ್ಟು ಹೆಚ್ಚು ತಿರುಗುತ್ತದೆ. ಕಂಪನಿ ಅಳತೆಗಿಂತ ದೊಡ್ಡ ಟೈರ್ ಹಾಕಿದ್ದರೆ ಮೀಟರ್ ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ತಿರುಗಿಸಿಟ್ಟ ಮೀಟರ್ ಬೇರೆ. ಹೆದ್ದಾರಿಯಲ್ಲೇ ಓಡಿದ ಎರಡೂವರೆ ಲಕ್ಷದ ಡೀಸೆಲ್ ಗಾಡಿ, ತೋಟದಲ್ಲಿ ಎಂಬತ್ತು ಸಾವಿರ ದುಡಿದದ್ದಕ್ಕಿಂತ ಗಟ್ಟಿ ಇರುವುದು ಅಪರೂಪವೇನಲ್ಲ.

ಮೊದಲು ನೋಡಬೇಕಾದದ್ದು ಚಾಸಿ, ಅಂದರೆ ಗಾಡಿಯ ಭಾರವೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟು. ಎಂಜಿನ್ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬೇರೆ ತರಬಹುದು. ಚಾಸಿ ಕೊಳೆತರೆ ಕೈಯಲ್ಲಿ ಉಳಿಯುವುದು ಗುಜರಿ. ಕರಾವಳಿಯ ಗಾಡಿಗೆ ಉಪ್ಪುಗಾಳಿ ಹೇಗೂ ತಪ್ಪಿದ್ದಲ್ಲ. ಅದಕ್ಕಿಂತ ಕೆಟ್ಟದ್ದು ಮೀನು ಹೊತ್ತದ್ದು. ಕಾರವಾರ, ತದಡಿ, ಹೊನ್ನಾವರದ ಬಂದರುಗಳಿಂದ ಮೀನು ಸಾಗಿಸಿದ ಗಾಡಿಯಲ್ಲಿ ಐಸ್ ಕರಗಿದ ಉಪ್ಪುನೀರು ತಳದ ತಗಡಿನ ಸಂದಿಗಳಿಂದ ಚಾಸಿಯ ಮೇಲೆ ವರ್ಷಗಟ್ಟಲೆ ತೊಟ್ಟಿಕ್ಕಿರುತ್ತದೆ. ಒಳಗೆ ಘಮಘಮ ಸೆಂಟು ಹೊಡೆದಿದ್ದರೆ ಸೀಟಿನಡಿಯ ಮ್ಯಾಟ್ ಎತ್ತಿ ಮೂಸಿ ನೋಡಿ, ವಾಸನೆ ಅಲ್ಲಿಂದ ಸುಲಭಕ್ಕೆ ಹೋಗುವುದಿಲ್ಲ.

ಘಟ್ಟದ ಮೇಲಿನ ಗಾಡಿ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಕೆಂಪು ಮಣ್ಣು ಚಾಸಿಯ ಒಳಗೆ ಸೇರಿ, ನೀರು ಬಸಿಯುವ ತೂತು ಕಟ್ಟಿಕೊಂಡು, ಮಳೆಗಾಲ ಪೂರ್ತಿ ಹಸಿಯಾಗಿಯೇ ಇರುತ್ತದೆ. ಗೊಬ್ಬರದ ಚೀಲ ಹೊತ್ತದ್ದಾದರೆ ಹಿಂದಿನ ತಳ ತಿಂದಿರುತ್ತದೆ. ಅಡಿಕೆಗೆ ಹೊಡೆಯುವ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಡ್ರಮ್ ಹೊತ್ತ ಗಾಡಿಯನ್ನು ಇನ್ನೂ ಅನುಮಾನದಿಂದ ನೋಡಬೇಕು. ಚೆಲ್ಲಿದ ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂತು ತುಕ್ಕನ್ನು ಚುರುಕುಗೊಳಿಸುತ್ತದೆ. ಹಿಂದಿನ ತಳದಲ್ಲಿ ನೀಲಿ-ಹಸಿರು ಕಲೆ ಕಂಡರೆ ಅದರ ಕೆಳಗಿನ ತಗಡನ್ನು ಕುಕ್ಕಿಯೇ ನೋಡಿ.

ಜತೆಗೆ ಒಯ್ಯಬೇಕಾದದ್ದು: ಸಣ್ಣ ಸುತ್ತಿಗೆ, ಹಳೇ ಸ್ಕ್ರೂಡ್ರೈವರ್, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ, ಟಾರ್ಚ್, ಟೇಪು, ಜಾಕ್, ಅಡಿಗೆ ಕೊಡಲು ಸ್ಟ್ಯಾಂಡ್, ಮತ್ತೊಬ್ಬ ಆಳು. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಒಳ್ಳೆ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಥಪ್ ಎನ್ನುತ್ತದೆ. ದನಿ ಮಂಕಾದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಹೆಚ್ಚು ತಡಕಬೇಕಾದ ಜಾಗಗಳೆಂದರೆ ಪಾಟಾ (ಲೀಫ್ ಸ್ಪ್ರಿಂಗ್) ನೇತುಬೀಳುವ ಹ್ಯಾಂಗರ್ ಮತ್ತು ಶ್ಯಾಕಲ್ ಬುಡ, ಬಾಡಿ ಬೋಲ್ಟ್ ಕೂರುವ ಚಾಚು, ಹಿಂದಿನ ಹೌಸಿಂಗ್ (ಆಕ್ಸಲ್ ಒಳಗಿರುವ ಕಬ್ಬಿಣದ ಕವಚ) ಮೇಲೆ ಚಾಸಿ ಬಾಗುವ ಭಾಗ, ಪೆಟ್ರೋಲ್ ಟ್ಯಾಂಕಿನ ನೆತ್ತಿ. ಬ್ರೇಕಿನ ಕಬ್ಬಿಣದ ಪೈಪನ್ನು ಉಗುರಿನಿಂದ ಕೆರೆದು ನೋಡಿ, ಪದರ ಉದುರಿದರೆ ಎಲ್ಲ ಪೈಪೂ ಹೊಸದಾಗಬೇಕು. ಜಿಪ್ಸಿಯಾದರೆ ಕಾಲಡಿಯ ತಗಡು, ಹಿಂಚಕ್ರದ ಕಮಾನು, ಮುಂಗಾಜಿನ ಚೌಕಟ್ಟಿನ ಕೆಳ ಅಂಚೂ ಸೇರಿಸಿಕೊಳ್ಳಿ.

ಅಡಿಯಲ್ಲಿ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಖುಷಿಪಡುವ ಬದಲು ಕೇಳಿ: ಯಾಕೆ, ಯಾವಾಗ? ಮಾರುವ ವಾರ ಬಳಿದದ್ದು ರಕ್ಷಣೆಗಲ್ಲ. ಚಾಸಿ ಮೇಲೆ ತೇಪೆ ಬೆಸುಗೆ ಇದ್ದರೆ ಅದರ ಸುತ್ತ ಒಂದು ಗೇಣಿನಷ್ಟು ತಟ್ಟಿ ನೋಡಿ; ತೇಪೆ ಗಟ್ಟಿಯಿದ್ದು ಅಂಚು ಮೆತ್ತಗಿದ್ದರೆ ಮುಂದೆ ಅಲ್ಲೇ ತುಂಡಾಗುತ್ತದೆ. ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಎರಡೂ ಬದಿ ಟೇಪು ಹಿಡಿಯಿರಿ. ಸ್ಟಿಯರಿಂಗ್ ನೇರವಿದ್ದೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪಾಟಾದ ಸೆಂಟರ್ ಬೋಲ್ಟ್ ಮುರಿದು ಹೌಸಿಂಗ್ ಜರುಗಿರಬಹುದು, ಇಲ್ಲವೇ ಚಾಸಿಯೇ ಸೊಟ್ಟಗಿರಬಹುದು. ಮೊದಲನೆಯದು ಅರ್ಧ ದಿನದ ಕೆಲಸ. ಎರಡನೆಯದಾದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ನಂತರ ನೀರಿನ ವಿಚಾರ. ಹಳ್ಳ ದಾಟಿದ ಗಾಡಿಯ ಡಿಫರೆನ್ಶಿಯಲ್ಲಿಗೆ (ಹೌಸಿಂಗ್ ನಡುವೆ ಎರಡೂ ಚಕ್ರಕ್ಕೆ ಬಲ ಹಂಚುವ ಗೇರುಗಳಿಗೆ) ನೀರು ಹೋಗುವುದು ಹೀಗೆ: ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ (ಗಾಳಿ ಆಡುವ ತೂತು) ಮಣ್ಣು ಕಟ್ಟಿದ್ದರೆ ಗಾಳಿ ಬರಲು ದಾರಿಯಿಲ್ಲದೆ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಮುಂದಿನ, ಹಿಂದಿನ ಹೌಸಿಂಗ್ ಎರಡರ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ. ಒಳಗೆ ಎಷ್ಟು ಹಾಳಾಗಿದೆ ಎನ್ನುವುದನ್ನು ಡ್ರೇನ್ ಪ್ಲಗ್ ಹೇಳುತ್ತದೆ: ಅದಕ್ಕೆ ಅಯಸ್ಕಾಂತ ಇದ್ದರೆ, ನುಣ್ಣನೆ ಬೂದು ಪೇಸ್ಟ್ ಅಂಟಿರುವುದು ಸಹಜ, ಚಕ್ಕೆ, ಚೂರು ಸಿಕ್ಕರೆ ಕ್ರೌನ್-ಪಿನಿಯನ್ (ಡಿಫರೆನ್ಶಿಯಲ್ಲಿನ ಮುಖ್ಯ ಗೇರುಜೋಡಿ) ಅಥವಾ ಬೇರಿಂಗ್ ಹೋಗಿದೆ. ಮಾಲೀಕರು ಪ್ಲಗ್ ಬಿಚ್ಚಲು ಬಿಡದಿದ್ದರೆ ಅದೂ ಒಂದು ಉತ್ತರವೇ.

2019 ಮತ್ತು 2021ರ ನೆರೆಯಲ್ಲಿ ಗಂಗಾವಳಿ ನದಿಯ ದಂಡೆಯಲ್ಲಿ ಮುಳುಗಿದ ಗಾಡಿಗಳು ಇನ್ನೂ ಕೈ ಬದಲಾಯಿಸುತ್ತಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ತುದಿಯ ಕೆಸರಿನ ಗೆರೆಯನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ಫ್ಯೂಸ್ ಬಾಕ್ಸಿನಲ್ಲಿ ಹಸಿರು ಪುಡಿ ಕಂಡರೆ ವೈರಿಂಗ್ ಪೂರ್ತಿ ಸಂಶಯ.

ಮುಂಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ದರೆ ಜತೆಗಾರರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಪ್ಲೇ ಮಾಯವಾದರೆ ಅದು ಚಕ್ರದ ಬೇರಿಂಗ್. ಉಳಿದರೆ ಜಿಪ್ಸಿ, 540ರಂಥವುಗಳಲ್ಲಿ ಕಿಂಗ್ ಪಿನ್ (ಮುಂಚಕ್ರ ಎಡ-ಬಲ ಹೊರಳುವ ಗೂಟ), ಮುಂದೆ ಪಾಟಾ ಬದಲು ಟಾರ್ಷನ್ ಬಾರ್ ಇರುವ ಸಿಆರ್‌ಡಿಇ (ಕಾಮನ್ ರೇಲ್ ಡೀಸೆಲ್ ಎಂಜಿನ್ನಿನ) ಥಾರ್‌ನಲ್ಲಿ ಬಾಲ್ ಜಾಯಿಂಟ್. ಎಡ-ಬಲ ಅಲ್ಲಾಡಿದರೆ ಸ್ಟಿಯರಿಂಗಿನ ಟೈರಾಡ್ ತುದಿ ನೋಡಿ.

ಫೋರ್ ವೀಲ್ ಕೆಲಸ ಮಾಡುತ್ತದೆ ಅನ್ನುವುದು ಲಿವರ್ ಬಿದ್ದ ಮಾತ್ರಕ್ಕೆ ಸಾಬೀತಾಗುವುದಿಲ್ಲ. ಮುಂಚಕ್ರದ ನಡುವಿನ ಹಬ್ ಅನ್ನು ಕೈಯಿಂದ ಲಾಕ್ ಮಾಡುವ, ಇಲ್ಲವೇ ಸದಾ ಲಾಕ್ ಇರುವ ಗಾಡಿಯಾದರೆ ಒಂದು ಸುಲಭ ಪರೀಕ್ಷೆ ಇದೆ. ಎಂಜಿನ್ ಆಫ್ ಮಾಡಿ, ಹಬ್ ಲಾಕ್ ಮಾಡಿ, ಫೋರ್ ವೀಲ್‌ಗೆ ಹಾಕಿ, ಮೊದಲ ಗೇರಿನಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಒಂದು ಮುಂಚಕ್ರ ಮಾತ್ರ ಎತ್ತಿ ಕೈಯಿಂದ ತಿರುಗಿಸಿ. ತುಸು ಅಲುಗಿ ನಿಲ್ಲಬೇಕು. ಸರಾಗ ತಿರುಗಿದರೆ ಹಬ್ ಜಾರುತ್ತಿದೆ, ಇಲ್ಲವೇ ಒಳಗೆ ಆಕ್ಸಲ್ ತುಂಡಾಗಿದೆ. ಎತ್ತದ ಬದಿಯಲ್ಲಿ ತುಂಡಾಗಿದ್ದರೂ ಈ ಚಕ್ರ ತಿರುಗುತ್ತದೆ, ಆದ್ದರಿಂದ ಎರಡೂ ಕಡೆ ಬಿಚ್ಚಿ ನೋಡಬೇಕು.

ಓಡಿಸಿ ನೋಡುವುದು ಮರಳು ಅಥವಾ ಸಡಿಲ ಮಣ್ಣಿನ ಮೇಲೆ. ಡಾಂಬರಿನಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಒಳ್ಳೆ ಗಾಡಿಯೂ ಬಿಗಿಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋಗುವಾಗ ಮುಂದೆ ಕಟ್-ಕಟ್ ಎಂದರೆ ಜಾಯಿಂಟ್ ಸವೆದಿದೆ. ಲೋ ಗೇರಿನಲ್ಲಿ ಇಳಿಜಾರು ಇಳಿಯುತ್ತ ಆಕ್ಸಿಲರೇಟರ್ ಬಿಡಿ, ಲಿವರ್ ತಾನೇ ಹೊರಗೆ ಹಾರಬಾರದು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ-ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಗೇರಿನದ್ದು, ಗುಂಯ್ ಎನ್ನುವುದು ಅದರ ಸ್ವಭಾವ. ಚೈನ್ ಇರುವವುಗಳಲ್ಲಿ ಭಾರ ಬಿದ್ದಾಗ ಟಕ್ಕೆಂದು ಹಾರಿದಂತಾದರೆ ಚೈನ್ ಜೋಲು ಬಿದ್ದಿದೆ.

ಎಂಜಿನ್ ತಣ್ಣಗಿರುವಾಗಲೇ ಶುರುವಾಗಬೇಕು. ಹೋಗುತ್ತಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಒಮ್ಮೆ ಶುರು ಮಾಡಿದ್ದಾರೆ, ಇನ್ನೊಂದು ದಿನ ಬೆಳಿಗ್ಗೆ ಬನ್ನಿ. ಐಡಲಿನಲ್ಲಿ ಆಯಿಲ್ ಮುಚ್ಚಳ ತೆಗೆದರೆ ಡೀಸೆಲ್ಲಿನಲ್ಲಿ ಸ್ವಲ್ಪ ಆವಿ ಏಳುವುದು ಮಾಮೂಲು. ಬುಸುಬುಸು ಹೊಗೆ ಬಂದು ಸಡಿಲ ಇಟ್ಟ ಮುಚ್ಚಳ ಕುಣಿದರೆ ಪಿಸ್ಟನ್ ರಿಂಗ್ ಸವೆದಿದೆ. ನಮ್ಮ ಮಳೆಸೀಮೆಯಲ್ಲಿ ಮುಚ್ಚಳದ ಒಳಗೆ ಬಿಳಿ ನೊರೆ ತುಸು ಇರುವುದು ಬರೀ ತೇವಕ್ಕೂ ಆಗಬಹುದು. ಆದರೆ ಅದೇ ನೊರೆ ಡಿಪ್‌ಸ್ಟಿಕ್ಕಿನಲ್ಲೂ ಇದ್ದರೆ, ಅಥವಾ ತಣ್ಣಗಿರುವಾಗ ಮುಚ್ಚಳ ತೆಗೆದು ಶುರು ಮಾಡಿದ ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಕಂಪ್ರೆಷನ್ ನೋಡಿಸಿದರೆ ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಇರಬಾರದು. ಸಿಆರ್‌ಡಿಇ ಆದರೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ (ಪ್ರತಿ ಇಂಜೆಕ್ಟರ್ ಎಷ್ಟು ಡೀಸೆಲ್ ವಾಪಸ್ ಬಿಡುತ್ತದೆ ಎಂದು ಅಳೆಯುವುದು) ದುಡ್ಡು ಕೊಟ್ಟೇ ಮಾಡಿಸಿ, ನಾಲ್ಕೂ ಇಂಜೆಕ್ಟರ್ ಹೋದರೆ ಆ ಖರ್ಚೇ ಬೇರೆ.

ಘಟ್ಟದ ಕೆಳಗಿನವರಿಗೆ ಅಂಕೋಲಾ-ಯಲ್ಲಾಪುರ ದಾರಿಯ ಅರಬೈಲ್ ಘಾಟಿಗಿಂತ ಒಳ್ಳೆ ಪರೀಕ್ಷೆ ಇಲ್ಲ. ಹತ್ತುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಇಳಿಯುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಒಮ್ಮೆಲೇ ಒತ್ತಿ ಕನ್ನಡಿ ನೋಡಿ. ನೀಲಿ ಹೊಗೆಯ ಮುದ್ದೆ ಬಂದರೆ ವಾಲ್ವ್ ಸೀಲ್ ಅಥವಾ ಟರ್ಬೊ ಎಣ್ಣೆ ಬಿಡುತ್ತಿದೆ.

ಕಾಗದದಲ್ಲಿ ಮುಖ್ಯವಾದದ್ದು ಚಾಸಿ ನಂಬರ್. ತುಕ್ಕು ತಿಂದು ಅಂಕಿ ಓದಲಾಗದಿದ್ದರೆ, ಆ ಜಾಗ ಉಜ್ಜಿದಂತಿದ್ದರೆ ಆರ್‌ಟಿಒದಲ್ಲಿ ಗಾಡಿ ಅಲ್ಲೇ ನಿಂತೀತು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಟೂ ವೀಲ್ ಬೊಲೆರೋಗೆ ಮುಂದಿನ ಹೌಸಿಂಗ್ ಕೂರಿಸಿ ಫೋರ್ ವೀಲ್ ಮಾಡಿದ್ದರೆ ಆರ್‌ಸಿಯಲ್ಲಿ ಅದು ಇರುವುದಿಲ್ಲ, ಅಪಘಾತವಾದರೆ ವಿಮೆಯವರು ಅದನ್ನೇ ಹಿಡಿಯುತ್ತಾರೆ. ಗೋವಾ ನಂಬರಿನ ಗಾಡಿ ಕಾರವಾರದಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಇಲ್ಲಿನ ರಸ್ತೆ ತೆರಿಗೆ ಸೇರಿಸಿ ಲೆಕ್ಕ ಹಾಕಿದ ಮೇಲೂ ಅಗ್ಗವೇ ನೋಡಿ. ಸಾಲ ತೀರಿದ್ದರೆ ಬ್ಯಾಂಕಿನ ಪತ್ರದ ಜತೆ ಫಾರ್ಮ್ 35, ಹೆಸರು ಬದಲಿಗೆ 29 ಮತ್ತು 30. ಸಹಿ ಎಲ್ಲ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಗಾಡಿ ತಂದ ಮೇಲೆ ಮೊದಲ ಕೆಲಸ ಎರಡು ಹೌಸಿಂಗ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ನಾಲ್ಕರ ಎಣ್ಣೆಯನ್ನೂ ಆ ಮಾದರಿಗೆ ಹೇಳಿದ ದರ್ಜೆಯದ್ದಕ್ಕೆ ಬದಲಿಸುವುದು. ಎಲ್ಲಿ ನೀರು ಕಂಡಿತ್ತೋ ಅಲ್ಲಿ ಇನ್ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸಿ. ಬ್ರೀದರಿಗೆ ರಬ್ಬರ್ ಪೈಪ್ ಕೊಟ್ಟು ಎತ್ತರಕ್ಕೆ ತಂದು ಕಟ್ಟುವುದನ್ನೂ ಅವತ್ತೇ ಮುಗಿಸಿ.