ಮಸ್ಕಿ ಒಡೆಯಿತು, ಮಸ್ಕಿ ಕೂಡಿತು: ಹುಡುಗರ ಸಾಕ್ಷ್ಯಚಿತ್ರ, ಟೈಟಲ್ ಹಂತ

ಅಂತೂ ಇಂತೂ ಪರದೆ ಮೇಲೆ ‘ಮಸ್ಕಿ’ ಎಂಬ ಎರಡಕ್ಷರ ನೆಟ್ಟಗೆ ಮೂಡಿತು. ಎರಡೇ ಅಕ್ಷರಕ್ಕೆ ಇಷ್ಟು ಸಂಭ್ರಮವೇ ಎನ್ನುವವರು ಮೊಬೈಲ್ ಎಡಿಟಿಂಗ್ ಆ್ಯಪಿನಲ್ಲಿ ಒಮ್ಮೆ ಕನ್ನಡ ಟೈಟಲ್ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಶೂಟಿಂಗ್ ಕತೆ ಹೇಳುವುದಿಲ್ಲ. ಬೆಳಿಗ್ಗೆ ಬೇಗ ಮುಗಿಸದಿದ್ದರೆ ರಾಯಚೂರು ಜಿಲ್ಲೆಯ ಬಿಸಿಲಿಗೆ ಮೊಬೈಲೇ ಕಾದು ಕ್ಯಾಮೆರಾ ಬಂದ್ ಮಾಡಿಕೊಳ್ಳುತ್ತದೆ, ಅದು ನಿಮಗೂ ಗೊತ್ತು. ಕಟಿಂಗೂ ಹುಡುಗರೇ ಮಾಡಿದರು, ನಾನು ಕೈ ಹಾಕಿಲ್ಲ. ಹೊಸಬರಿಗೆ ಇಷ್ಟು ಹೇಳಿದರೆ ಸಾಕು: ನನ್ನದು ಸಿಂಧನೂರಿನಲ್ಲಿ ಸ್ಟುಡಿಯೋ, ಹೊಟ್ಟೆಪಾಡಿಗೆ ಮದುವೆ ವಿಡಿಯೋ. ಶನಿವಾರ ಮಧ್ಯಾಹ್ನ ಮಸ್ಕಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನವರ ಜತೆ ವಿಡಿಯೋ ಮಾಡುತ್ತೇನೆ. ಈ ಸಲದ ವಿಷಯ ಅವರೂರ ಗುಡ್ಡದ ಅಶೋಕನ ಶಾಸನ. ಚಿನ್ನ ಹುಡುಕುತ್ತ ಬಂದ ಎಂಜಿನಿಯರ್ ಸಿ. ಬೀಡನ್‌ಗೆ 1915ರಲ್ಲಿ ಸಿಕ್ಕಿದ್ದು ಬಂಡೆ ಮೇಲಿನ ಬ್ರಾಹ್ಮಿ ಅಕ್ಷರ. ಬೇರೆ ಕಡೆಯ ಶಾಸನಗಳಲ್ಲಿ ಬರೀ ‘ದೇವಾನಾಂಪ್ರಿಯ’ ಎಂದು ಕರೆಸಿಕೊಂಡ ರಾಜ ಅಶೋಕನೇ ಎಂದು ಗಟ್ಟಿಯಾಗಿದ್ದು ಇಲ್ಲಿ ಅವನ ಹೆಸರು ಇದ್ದದ್ದರಿಂದ. ಹುಡುಗರು ಸ್ಕ್ರಿಪ್ಟಿನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೊಡೆದಿದ್ದರು: ‘ನಮ್ಮೂರ ಕಲ್ಲು ಇಲ್ಲದಿದ್ದರೆ ಅಶೋಕ ಯಾರಂತ ತಿಳೀತಿರಲಿಲ್ಲ.’ ಸ್ವಲ್ಪ ಜಾಸ್ತಿಯಾಯಿತು, ಆದರೂ ಬಿಟ್ಟೆ. ಊರಿನ ಮೇಲೆ ಅಷ್ಟು ಅಭಿಮಾನ ಇರಲಿ.

ಈಗ ಗೋಳಿಗೆ ಬರೋಣ. ಟೈಟಲ್ ಏನು? ‘ಮಸ್ಕಿಯ ಬ್ರಾಹ್ಮಿ’. ಆ್ಯಪಿನಲ್ಲಿ ಟೈಪ್ ಮಾಡಿದರೆ ಬಂದದ್ದು ‘ಮಸ್‌ಕಿಯ ಬ್‌ರಾಹ್‌ಮಿ’. ಒತ್ತಕ್ಷರ ಒಂದೂ ಕೆಳಗಿಳಿಯಲಿಲ್ಲ, ಎಲ್ಲವೂ ಮುನಿಸಿಕೊಂಡು ಪಕ್ಕಪಕ್ಕ ನಿಂತವು. ಫಾಂಟ್ ಬದಲಿಸಿದೆವು: ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಮತ್ತೊಂದು, ಮಗದೊಂದು. ಅಕ್ಷರದ ಮೈಕಟ್ಟು ಬದಲಾಯಿತೇ ಹೊರತು ಒಡಕು ಹಾಗೇ ಉಳಿಯಿತು.

ಸ್ಟುಡಿಯೋದವರು ಇಲ್ಲಿ ನಗುತ್ತಾರೆ, ಗೊತ್ತು. ‘ನುಡಿಯಾಗ ಹೊಡಿ ಮಾರಾಯ, ಮುಗೀತು.’ ನಿಜ, ಮದುವೆ ಟೈಟಲಿಗೆ ನಾನೂ ಅದನ್ನೇ ಮಾಡುತ್ತೇನೆ. ನುಡಿ ಎಂದರೆ ಕನ್ನಡ ಟೈಪಿಂಗ್ ತಂತ್ರಾಂಶ. ಅದರ ಹಳೆಯ ಆಸ್ಕಿ ಫಾಂಟಿನಲ್ಲಿ ಒತ್ತು ಬೇರೆಯೇ ಒಂದು ಚಿತ್ರ. ಇಂಗ್ಲಿಷ್ ಅಕ್ಷರದ, ಚಿಹ್ನೆಯ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ತಂತ್ರಾಂಶಕ್ಕೆ ಕನ್ನಡದ ಗಂಧವೇ ಬೇಡ, ಸಾಲಾಗಿ ತುಣುಕು ಜೋಡಿಸಿದರೆ ಸಾಕು. ನಮ್ಮ ಕಡೆಯ ಸ್ಟುಡಿಯೋ, ಫ್ಲೆಕ್ಸ್ ಅಂಗಡಿಗಳಲ್ಲಿ ಅದು ಇನ್ನೂ ಗಟ್ಟಿಯಾಗಿ ಕೂತಿರುವುದು ಇದೇ ಕಾರಣಕ್ಕೆ. ಆದರೆ ಹುಡುಗರಿಗೆ ಅದನ್ನು ಕಲಿಸಲು ನನಗೆ ಮನಸ್ಸಿಲ್ಲ. ಫಾಂಟ್ ತೆಗೆದರೆ ಆ ಬರಹ ಬರೀ ಇಂಗ್ಲಿಷ್ ಕಸ. ಹುಡುಕಿದರೆ ಸಿಗದು, ಯೂಟ್ಯೂಬಿನ ಕ್ಯಾಪ್ಷನ್ ಫೈಲಿಗೆ ನಡೆಯದು, ಹುಡುಗರು ದಿನವೂ ಮೊಬೈಲಿನಲ್ಲಿ ಬರೆಯುವ ಕನ್ನಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹೈಸ್ಕೂಲಿನಲ್ಲೇ ಅಡ್ಡದಾರಿ ಹಿಡಿಸಿದರೆ ಅವರು ನನ್ನ ಹಾಗೆ ಎರಡು ಕನ್ನಡ ಇಟ್ಟುಕೊಂಡು ಒದ್ದಾಡಬೇಕು.

ಗಂಟು ಎಲ್ಲಿದೆ ಎಂದು ಹಿಡಿದದ್ದು ಸ್ಕ್ರಿಪ್ಟ್ ಬರೆದ ಹುಡುಗಿ. ಅದೇ ಸಾಲನ್ನು ಕಾಪಿ ಮಾಡಿ ಗೆಳತಿಗೆ ಮೆಸೇಜ್ ಕಳಿಸಿ, ಎರಡೂ ಫೋನು ಪಕ್ಕಪಕ್ಕ ಹಿಡಿದಳು. ‘ಸರ, ಮೆಸೇಜಿನ್ಯಾಗ ಛಲೋ ಐತ್ರಿ, ಇದರಾಗ ಅಷ್ಟ ಒಡದೈತ್ರಿ. ಅಂದ್ರ ನಾ ಬರದಿದ್ದು ತಪ್ಪಲ್ಲಲ್ರಿ?’ ಅಲ್ಲ ತಂಗಿ, ನೀನು ಬರೆದದ್ದು ಸರಿಯೇ ಇದೆ. ಬರಹ ಬೇರೆ, ಬರಹವನ್ನು ಬಿಡಿಸುವ ತಂತ್ರಾಂಶ ಬೇರೆ. ಇಡೀ ಪ್ರಾಜೆಕ್ಟಿನಲ್ಲಿ ಅವರು ಕಲಿತ ದೊಡ್ಡ ಪಾಠ ಇದು ಎಂದು ನನ್ನ ಎಣಿಕೆ. ಟ್ರಾನ್ಸಿಷನ್ನು, ಸ್ಲೋ ಮೋಷನ್ನು ಯಾರು ಬೇಕಾದರೂ ಕಲಿಯುತ್ತಾರೆ.

ಮುಂದಿನ ಶನಿವಾರ ಬೋರ್ಡಿನ ಮೇಲೆ ‘ಸ್ಕಿ’ ಬಿಡಿಸಿದೆವು. ಪ್ರತಿ ಅಕ್ಷರಕ್ಕೂ ಒಂದು ನಂಬರು ಕೊಡುವ ಪದ್ಧತಿಯೇ ಯುನಿಕೋಡ್, ಅದರಲ್ಲಿ ಕನ್ನಡದ ಮನೆ 3200ರಿಂದ 3327. ‘ಸ್ಕಿ’ ಎಂದರೆ ನಾಲ್ಕು ನಂಬರು: ಸ 3256, ಅಕ್ಷರವನ್ನು ಅರ್ಧ ಮಾಡುವ ಹಲಂತ ಚಿಹ್ನೆ 3277, ಕ 3221, ಗುಡಿಸು 3263. ಗುಡಿಸು ಫೈಲಿನಲ್ಲಿ ಕೂತಿರುವುದು ಕಕಾರದ ಬೆನ್ನಿಗೆ. ಕಣ್ಣಿಗೆ ಕಾಣುವುದು ಎಲ್ಲಿ? ಸಕಾರದ ತಲೆ ಮೇಲೆ! ಕಕಾರ ಒತ್ತಾಗಿ ಕೆಳಗೆ ಹೋಗಬೇಕು, ಗುಡಿಸು ಅದನ್ನು ದಾಟಿ ಹಿಂದಕ್ಕೆ ಹಾರಿ ‘ಸಿ’ ಆಗಬೇಕು. ಈ ಜಿಗಿತ ಮಾಡಿಸುವ ಭಾಗವೊಂದು ತಂತ್ರಾಂಶದ ಒಳಗೆ ಇರಬೇಕು. ಫೋನಿನ ಮೆಸೇಜಿನಲ್ಲಿ ಅದು ಇದೆ, ನಮ್ಮ ಆ್ಯಪಿನ ಟೈಟಲ್ ಕಿಟಕಿಯಲ್ಲಿ ಇಲ್ಲ. ಫಾಂಟ್ ಎಷ್ಟು ಬದಲಿಸಿದರೇನು, ಜೋಡಿಸುವವನೇ ರಜೆ ಹಾಕಿದ್ದಾನೆ.

ಅಂದರೆ ಟೈಟಲ್ ಕೆಲಸ ಆ್ಯಪಿನ ಹೊರಗೆ ಆಗಬೇಕು. ಕಂಪ್ಯೂಟರಿನ ಎಡಿಟಿಂಗ್ ತಂತ್ರಾಂಶ ಕೆಡೆನ್‌ಲೈವ್‌ನಲ್ಲಿ ಒತ್ತು ಸರಿಯಾಗಿಯೇ ಬರುತ್ತದೆ, ಆದರೆ 4 ಜಿಬಿಯ ಲ್ಯಾಬ್ ಕಂಪ್ಯೂಟರಿನಲ್ಲಿ ಟೈಮ್‌ಲೈನ್ ಎಳೆದರೆ ಫ್ಯಾನು ಹಾರಿಹೋಗುವಂತೆ ಕೂಗುತ್ತದೆ. ಕೊನೆಗೆ ಹೀಗೆ ಮಾಡಿದೆವು: ಕಟಿಂಗ್ ಮೊಬೈಲಿನಲ್ಲೇ. ಮುಖ್ಯ ಟೈಟಲನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ, ಚಿತ್ರವೆಂದೇ ಆ್ಯಪಿಗೆ ಕೊಟ್ಟೆವು. ಒತ್ತಕ್ಷರ ಗೊತ್ತಿಲ್ಲದ ಆ್ಯಪಿಗೆ ಚಿತ್ರ ಗೊತ್ತಲ್ಲ! ಮಾತಿನ ಸಬ್‌ಟೈಟಲುಗಳನ್ನು ಎಸ್‌ಆರ್‌ಟಿ ಎಂಬ ಸಾದಾ ಪಠ್ಯದ ಫೈಲಿನಲ್ಲಿ ಬರೆದು, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದ ಸಬ್‌ಟೈಟಲ್ ಫಿಲ್ಟರಿನಿಂದ ವಿಡಿಯೋ ಮೇಲೆ ಅಚ್ಚೊತ್ತಿದೆವು. ಅದರ ಹಿಂದೆ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶ ಇದೆ.

ಒಂದೇ ಏಟಿಗೆ ಆಗಿಬಿಟ್ಟರೆ ಅದು ನಮ್ಮ ಕೆಲಸವೇ? ಲ್ಯಾಬಿನ ಹಳೆಯ ನೋಟ್‌ಪ್ಯಾಡ್ ಫೈಲನ್ನು ಕನ್ನಡ ಹಿಡಿಸದ ಹಳೆಯ ಆನ್ಸಿ ಪದ್ಧತಿಯಲ್ಲಿ ಉಳಿಸಿ ಕನ್ನಡವನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆ ಮಾಡಿತು. ‘ಸೇವ್ ಆ್ಯಸ್’ನಲ್ಲಿ ಯುನಿಕೋಡ್ ಉಳಿಸುವ ಯುಟಿಎಫ್-8 ಆರಿಸಿದ ಮೇಲೆ ಸರಿಹೋಯಿತು. ಆಮೇಲೆ ‘ಮೈಕ್‌ಗೆ’ ಎಂಬುದು ‘ಮೈಕ್ಗೆ’ ಆಗಿ ಕೂತಿತು. ಇದಕ್ಕೆ ನಡುವೆ, ಒತ್ತಾಗಲು ಬಿಡದ, ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು, ಅದೇ ಝಡ್‌ಡಬ್ಲ್ಯುಎನ್‌ಜೆ. ಹುಡುಗರ ಫೋನಿನ ಕೀಬೋರ್ಡಿನಲ್ಲಿ ಅದು ಎಲ್ಲಿದೆ ಎಂದು ಹುಡುಕುವ ಸ್ಪರ್ಧೆಯೇ ನಡೆಯಿತು. ‘ರ‍್ಯಾಲಿ’ಗೆ ಇದರ ಅಣ್ಣ ಝಡ್‌ಡಬ್ಲ್ಯುಜೆ ಬೇಕು, ಇಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ಯಕಾರದ ಹೆಗಲೇರುತ್ತದೆ. ನಮ್ಮ ಸ್ಕ್ರಿಪ್ಟಿನಲ್ಲಿ ರ‍್ಯಾಲಿ ಇರಲಿಲ್ಲ, ಪುಣ್ಯ.

ಬ್ರಾಹ್ಮಿಯ ಕತೆ ಬೇರೆ. ಯುನಿಕೋಡ್‌ಗೆ ಅದು ಸೇರಿದ್ದು 2010ರ 6.0 ಆವೃತ್ತಿಯಲ್ಲಿ, ನಂಬರು ಶುರುವಾಗುವುದೇ 69632ರಿಂದ. ನೋಟೋದಲ್ಲಿ ಬ್ರಾಹ್ಮಿ ಫಾಂಟೂ ಇದೆ. ಆದರೆ ಹುಡುಗರಿಗೆ ಕಂಪ್ಯೂಟರಿನ ನಯವಾದ ಅಕ್ಷರ ಹಿಡಿಸಲಿಲ್ಲ. ‘ನಮ್ಮ ಕಲ್ಲಿನ್ಯಾಗ ಹಿಂಗಿಲ್ರಿ.’ ಫೋಟೋ ಮೇಲೆ ಇಂಕ್‌ಸ್ಕೇಪ್‌ನ ಪೆನ್ ಹಿಡಿದು ಅಶೋಕನ ಹೆಸರನ್ನು ತಿದ್ದಿ ತೆಗೆದರು. ಅಕ್ಷರಗಳ ಅಂಚು ಸೊಟ್ಟಪಟ್ಟ, ಆದರೆ ಕಲ್ಲಿನದ್ದೇ. ಚಿತ್ರದಲ್ಲಿ ನನಗೆ ಅತಿ ಇಷ್ಟವಾದ ಶಾಟು ಅದು.

ಸಾಮಾನು ಕೊಟ್ಟವರ ಬಗ್ಗೆ ಎರಡು ಮಾತು ಆಡದಿದ್ದರೆ ಊಟ ರುಚಿಸದು. 128 ಜಿಬಿ ಎಂದು ಬರೆದ ಮೆಮೊರಿ ಕಾರ್ಡು ತಂದೆ. ಕಾರ್ಡಿನ ನಿಜವಾದ ಜಾಗ ಅಳೆಯುವ ಎಚ್‌2ಟೆಸ್ಟ್‌ಡಬ್ಲ್ಯು ಹಾಕಿ ನೋಡಿದರೆ ಒಳಗೆ 8 ಜಿಬಿಯೂ ಇಲ್ಲ, ಉಳಿದದ್ದು ಬರೀ ಸ್ಟಿಕ್ಕರ್. ಕಾಲರ್ ಮೈಕ್ ಕೇಳಿದರೆ ಅಂಗಡಿಯವ ಕೊಟ್ಟದ್ದು ಕ್ಯಾಮೆರಾಕ್ಕೆ ಹೊಂದುವ, ಎರಡೇ ಕಪ್ಪು ಗೆರೆಯ ಪಿನ್ನು. ಫೋನಿಗೆ ಮೂರು ಗೆರೆಯದು ಬೇಕು ಎಂದರೆ, ‘ಪಿನ್ನು ಪಿನ್ನೇ ಅಲ್ಲೇನ್ರಿ ಸರ’ ಎಂದ. ತತ್ತ್ವಜ್ಞಾನಿ. ಬದಲಿಸಿ ಕೊಡಲಿಲ್ಲ.

ಮೈಕ್ ಎಂದಾಗ ನೆನಪಾಯಿತು. ಮುಂದಿನದು ಮುದಗಲ್ಲಿನ ಮೊಹರಂ. ಚಿತ್ರವೇ ಬೇಡ, ಬರೀ ಧ್ವನಿ ಎಂದು ಪಟ್ಟು ಹಿಡಿದಿದ್ದೇನೆ. ಹಲಗೆ ಪೆಟ್ಟಿಗೆ ಫೋನಿನ ರೆಕಾರ್ಡಿಂಗ್ ಹರಿದುಹೋಗುತ್ತದೆ, ಗೇನ್, ಅಂದರೆ ಧ್ವನಿ ಹಿಡಿಯುವ ಮಟ್ಟ, ತಾನಾಗಿ ಏರಿಳಿಯುವುದನ್ನು ನಿಲ್ಲಿಸುವ ಆ್ಯಪ್ ಹುಡುಕಬೇಕು. ಹುಡುಗರು ಮಾತ್ರ ಡ್ರೋನ್ ಕೇಳುತ್ತಿದ್ದಾರೆ. ನನ್ನ ಹತ್ತಿರ ಇರುವುದು ಸೆಲ್ಫಿ ಕೋಲು.

ಸದ್ಯಕ್ಕೆ ಬಿಡಿಸಲಾಗದೆ ಉಳಿದದ್ದು ಒಂದೇ: ಸಬ್‌ಟೈಟಲ್ ಎರಡು ಸಾಲಾದರೆ ಮೇಲಿನ ಸಾಲಿನ ‘ಶಾಸ್ತ್ರಜ್ಞ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಎಸ್‌ಆರ್‌ಟಿಯಲ್ಲಿ ಸಾಲುಗಳ ಅಂತರ ಹೇಳುವ ದಾರಿ ಇಲ್ಲ. ಈಗ ವಾಕ್ಯಗಳನ್ನೇ ಕತ್ತರಿಸಿ ಒಂದೊಂದೇ ಸಾಲು ಮಾಡಿದ್ದೇವೆ, ಓದಲು ಸ್ವಲ್ಪ ಓಡಬೇಕಾಗುತ್ತದೆ. ಒತ್ತು ಗಿಡ್ಡವಾಗಿರುವ, ದಪ್ಪಗೆ ಓದಲು ಬರುವ ಯುನಿಕೋಡ್ ಫಾಂಟ್ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಶನಿವಾರದೊಳಗೆ ಹೇಳಿದರೆ ಇನ್ನೂ ಒಳ್ಳೆಯದು, ಲ್ಯಾಬಿನ ಬೀಗದ ಕೈ ಅವತ್ತೊಂದೇ ದಿನ ನಮ್ಮ ಕೈಗೆ ಸಿಗುವುದು.